ಆರ್‌ಒಐ ಏರಿದರೆ ಕಂಪನಿಗೆ ಒಳ್ಳೆಯದೇ ಅಲ್ವಾ?

ಓದುಗರ ಪ್ರಶ್ನೆ: ವಿಭಾಗದ ಮುಖ್ಯಸ್ಥರ ಬೋನಸ್ಸನ್ನು ಆರ್‌ಒಐಗೆ, ಅಂದರೆ ತೊಡಗಿಸಿದ ಬಂಡವಾಳಕ್ಕೆ ಶೇಕಡಾ ಎಷ್ಟು ಲಾಭ ಬಂತು ಅನ್ನುವ ಅಳತೆಗೆ, ಕಟ್ಟಿದ್ದೇವೆ. ಶೇಕಡಾವಾರು ಏರಿದಷ್ಟೂ ಕಂಪನಿಗೆ ಲಾಭ ತಾನೇ?

ಅಲ್ಲ. ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ನೆನಪಿಲ್ಲ. ಈ ಸಲ ದಯವಿಟ್ಟು ಸುಮ್ನೆ ಓದಬೇಡಿ, ಪೆನ್ನು ಹಿಡಿದು ಕೂತು ಲೆಕ್ಕ ಮಾಡಿ.

ವಿಭಾಗದಲ್ಲಿ ತೊಡಗಿಸಿದ ಬಂಡವಾಳ 100, ವರ್ಷದ ಲಾಭ 25. ಅಂದರೆ ಆರ್‌ಒಐ ಶೇ 25. ಬಂಡವಾಳ ತರಲು ಕಂಪನಿಗೆ ಬೀಳುವ ಖರ್ಚು ಶೇ 12 ಅಂತಿಟ್ಟುಕೊಳ್ಳಿ. ಈಗ ಹೊಸ ಯೋಜನೆಯೊಂದು ಬರುತ್ತದೆ. ಇನ್ನೂ 100 ಹಾಕಿದರೆ 18 ಲಾಭ. ಶೇ 12ಕ್ಕೆ ತಂದ ದುಡ್ಡು ಶೇ 18 ದುಡಿಯುತ್ತದೆ. ಕಂಪನಿಗೆ ಇದು ಬೇಕೇ ಬೇಕು. ಆದರೆ ಮುಖ್ಯಸ್ಥರಿಗೆ ಬೇಡ. ಒಪ್ಪಿದರೆ ಬಂಡವಾಳ 200, ಲಾಭ 43. ಆರ್‌ಒಐ ಶೇ 21.5ಕ್ಕೆ ಇಳಿಯುತ್ತದೆ, ಜೊತೆಗೆ ಬೋನಸ್ಸೂ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಮೊದಲಿನ 100ರಲ್ಲಿ 20ರಷ್ಟು ಬಂಡವಾಳ ವರ್ಷಕ್ಕೆ 3 ದುಡಿಯುತ್ತಿದೆ ಅನ್ನಿ. ಅದು ಶೇ 15, ಖರ್ಚಿಗಿಂತ ಜಾಸ್ತಿಯೇ. ಅದನ್ನು ಮುಚ್ಚಿಬಿಟ್ಟರೆ ಉಳಿದ 80ಕ್ಕೆ 22 ಲಾಭ. ಆರ್‌ಒಐ ಶೇ 27.5! ದುಡಿಯುವ ಕೆಲಸವನ್ನು ನಿಲ್ಲಿಸಿದವರಿಗೆ ಬಹುಮಾನ. ಅವರನ್ನು ಬೈದು ಪ್ರಯೋಜನವಿಲ್ಲ. ಅಳತೆ ಆರಿಸಿ ಕೊಟ್ಟವರು ನೀವು.

ಹಾಗಾದರೆ ಏನು ಮಾಡಬೇಕು? ಲಾಭದಿಂದ ಬಂಡವಾಳದ ಖರ್ಚನ್ನು ಕಳೆದು, ಉಳಿದದ್ದನ್ನು ನೋಡಿ. ಇದೇ ರೆಸಿಡುಯಲ್ ಇನ್‌ಕಮ್. ಜನರಲ್ ಎಲೆಕ್ಟ್ರಿಕ್ ಕಂಪನಿ 1950ರ ದಶಕದಲ್ಲೇ ಇದನ್ನು ಬಳಸಿತ್ತು. ನಮ್ಮ ಲೆಕ್ಕದಲ್ಲಿ ಹೊಸ ಯೋಜನೆಗೆ ಮೊದಲು 25ರಲ್ಲಿ 12 ಕಳೆದರೆ 13. ಆಮೇಲೆ 43ರಲ್ಲಿ 24 ಕಳೆದರೆ 19. ಈಗ ಮುಖ್ಯಸ್ಥರು ತಾವಾಗಿಯೇ ಯೋಜನೆ ಕೇಳಿಕೊಂಡು ಬರುತ್ತಾರೆ. ದೊಡ್ಡ ವಿಭಾಗಕ್ಕೆ ಸಹಜವಾಗಿಯೇ ದೊಡ್ಡ ಅಂಕಿ ಬರುತ್ತದೆ, ಅದಕ್ಕೇ ಗುರಿಯನ್ನು ವಿಭಾಗಕ್ಕೆ ತಕ್ಕಂತೆ ಬೇರೆ ಬೇರೆಯಾಗಿ ಇಡಿ.

ನೀವು ಕೇಳಲಿಲ್ಲ, ಆದರೂ ಹೇಳದೆ ಇರಲಾರೆ. ನಿಮ್ಮ ಯಂತ್ರಗಳ ವಯಸ್ಸೆಷ್ಟು? ಯಂತ್ರ ಹಳೆಯದಾದಂತೆ ಅದರ ಬೆಲೆಯಲ್ಲಿ ವರ್ಷವರ್ಷ ಸವಕಳಿ ಕಳೆಯುತ್ತಾ ಹೋದರೆ ಲೆಕ್ಕದ ಪುಸ್ತಕದಲ್ಲಿ ಬಂಡವಾಳ ಕರಗುತ್ತದೆ. ಲಾಭ ಅಷ್ಟೇ ಇದ್ದರೂ ಆರ್‌ಒಐ ವರ್ಷದಿಂದ ವರ್ಷಕ್ಕೆ ತಾನಾಗಿಯೇ ಏರುತ್ತದೆ. ಹೊಸ ಯಂತ್ರ ಕೊಳ್ಳಲು ಯಾರಿಗೂ ಮನಸ್ಸು ಬರುವುದಿಲ್ಲ. ಪುಸ್ತಕದ ಬೆಲೆ ಹಿಡಿದರೆ ರೆಸಿಡುಯಲ್ ಇನ್‌ಕಮ್‌ಗೂ ಇದೇ ಕಾಯಿಲೆ. ಹಾಗಾಗಿ ಬೋನಸ್ ಲೆಕ್ಕಕ್ಕೆ ಸವಕಳಿ ಕಳೆಯುವ ಮೊದಲಿನ ಬೆಲೆಯನ್ನೋ, ಇವತ್ತು ಅದೇ ಯಂತ್ರ ಕೊಳ್ಳಲು ಬೀಳುವ ಬೆಲೆಯನ್ನೋ ಹಿಡಿಯಿರಿ.