ಝೂಮ್ ಮಾಡಿದರೆ ಮಸುಕಾಗುವ ಅಭಿಮನ್ಯು

ಶಿರಸಿಯಲ್ಲಿ ಕ್ಯಾಮೆರಾ ರಿಪೇರಿ ಮಾಡುವ ನನ್ನ ಮೇಜಿಗೆ 18-200 ಮಿ.ಮೀ. ಝೂಮ್ ಲೆನ್ಸ್ ಬರುವುದೇ ಜಾಸ್ತಿ. ಮದುವೆಮನೆ, ಯಾಣದ ಬಂಡೆ, ದಾಂಡೇಲಿಯ ಮಂಗಟ್ಟೆ ಹಕ್ಕಿ, ಎಲ್ಲಕ್ಕೂ ಇದೊಂದೇ ಸಾಕು ಅಂತ ಕೊಂಡಿರುತ್ತಾರೆ. ಹಗಲಿನಲ್ಲಿ ಸಾಕೂ ಆಗುತ್ತದೆ. ಆದರೆ ರಾತ್ರಿ ಯಕ್ಷಗಾನ ಆಟದ ಮೇಳಗಳು ಹೊರಟವೆಂದರೆ ಒಂದೇ ದೂರು: "ಝೂಮ್ ಮಾಡಿದ್ರೆ ಫೋಟೋ ಮಸುಕು. ಲೆನ್ಸ್ ಬಿಚ್ಚಿ ನೋಡಿ ಮಾರಾಯ್ರೇ."

ಲೆನ್ಸಿನ ಮೇಲೆ 3.5-5.6 ಎಂದು ಬರೆದಿರುತ್ತದೆ. ದಯವಿಟ್ಟು ಅದನ್ನು ಓದಿ. ಲೆನ್ಸಿನ ಬಾಯಿ ಎಷ್ಟು ತೆರೆಯುತ್ತದೆ ಎನ್ನುವುದರ ಅಂಕಿ ಅದು. 18ರಲ್ಲಿ 3.5, 200ಕ್ಕೆ ಹೋದಾಗ 5.6. ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. 5.6ನ್ನು 3.5ರಿಂದ ಭಾಗಿಸಿದರೆ 1.6, ಅದರ ವರ್ಗ 2.56; ಬೆಳಕು ಅಷ್ಟು ಪಟ್ಟು ಕಡಿಮೆ. ಅಂದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಹಾಗೇ ಇದ್ದರೆ, 18ರಲ್ಲಿ 1/80 ಸೆಕೆಂಡಿಗೆ ಸಿಗುತ್ತಿದ್ದ ಫೋಟೋಕ್ಕೆ 200ರಲ್ಲಿ ಸುಮಾರು 1/30 ಸೆಕೆಂಡು ಬೇಕು. ಅಷ್ಟರಲ್ಲಿ ಕುಣಿಯುವ ವೇಷಧಾರಿ ಜಾಗ ಬಿಟ್ಟು ಸರಿದಿರುತ್ತಾನೆ.

"ವಿಆರ್ ಹಾಕಿದ್ದೆ ಅಲ್ವಾ?" ಎಂದು ಕೇಳುತ್ತಾರೆ. ನಿಕಾನ್‌ನ ವಿಆರ್ ಆಗಲಿ, ಕ್ಯಾನನ್‌ನ ಐಎಸ್ ಆಗಲಿ, ನಿಮ್ಮ ಕೈ ನಡುಗುವುದನ್ನು ಸರಿಮಾಡುತ್ತದೆ. ಕುಣಿಯುವವನನ್ನು ನಿಲ್ಲಿಸುವುದಿಲ್ಲ. ಇದನ್ನು ನಾನು ಎಷ್ಟು ಸಲ ಹೇಳಿದ್ದೇನೋ!

ಹೊನ್ನಾವರ ಕಡೆಯ ಹುಡುಗನೊಬ್ಬ ಬೇರೆ ಕಡೆ ಸರ್ವಿಸ್‌ಗೆ ದುಡ್ಡು ಕೊಟ್ಟು, ಗುಣವಾಗದೆ ನನ್ನಲ್ಲಿಗೆ ಬಂದಿದ್ದ. ಅವನ ಅಣ್ಣ ಅಭಿಮನ್ಯುವಿನ ವೇಷ ಮಾಡಿದ ರಾತ್ರಿಯ ಫೋಟೋ ಅದು. ನೋಡಿದೆ. ಭಾಗವತರ ಮುಖ, ಹಿಂದಿನ ಪರದೆಯ ಮಡಿಕೆ, ಎಲ್ಲ ಸ್ಪಷ್ಟ. ಗಿರಕಿ ಹೊಡೆಯುತ್ತಿದ್ದ ಅಣ್ಣನ ತಲೆಯ ಮೇಲಿನ ಕೇದಗೆಮುಂದಲೆ ಮಾತ್ರ ಕೆಂಪು ಹೊಗೆಯ ಹಾಗೆ. ಲೆನ್ಸ್ ಕೆಟ್ಟಿದ್ದರೆ ಪರದೆ ಹೇಗೆ ಸ್ಪಷ್ಟವಾಗಿ ಬರುತ್ತದೆ ತಮ್ಮಾ? ಅವನ ಮುಖ ಸಣ್ಣದಾಯಿತು. ಅಣ್ಣನ ಮೊದಲ ದೊಡ್ಡ ವೇಷವಂತೆ. ನನಗೂ ಬೇಜಾರಾಯಿತು. ದುಡ್ಡು ತೆಗೆದುಕೊಳ್ಳಲಿಲ್ಲ.

ರಂಗಸ್ಥಳದ ಹತ್ತಿರ ಹೋಗಿ ಕೂತುಕೊಳ್ಳಿ, ಝೂಮ್ ಕಡಿಮೆ ಮಾಡಿ. ಶಟರ್ 1/250ಕ್ಕೆ ಇಟ್ಟು, ಐಎಸ್‌ಒ 3200 ಮಾಡಿ ನೋಡಿ. ಸ್ವಲ್ಪ ಕಾಳು ಕಾಳಾಗಿ ಕಂಡರೂ ಮುಖ ಸಿಗುತ್ತದೆ. ಎಷ್ಟು ಸಿಗುತ್ತದೆ ಎನ್ನುವುದು ದೀಪದ ಮೇಲೂ ಕ್ಯಾಮೆರಾದ ವಯಸ್ಸಿನ ಮೇಲೂ ಹೋಗುತ್ತದೆ. ಪ್ರತಿ ವರ್ಷ ಆಟ ತೆಗೆಯುವವರು 50ರ 1.8 ಲೆನ್ಸ್ ಒಂದು ಇಟ್ಟುಕೊಳ್ಳಿ. 5.6ಕ್ಕಿಂತ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು ಒಳಗೆ ಬಿಡುತ್ತದೆ.

ಲೆನ್ಸಿನಲ್ಲಿ ದೋಷ ಇರುವುದೇ ಇಲ್ಲ ಅಂತಲ್ಲ. ನಮ್ಮ ಮಳೆಗಾಲಕ್ಕೆ ಗಾಜಿನೊಳಗೆ ಬೂಸಲು ಬರುತ್ತದೆ. ಹಾಗಾಗಿ ಒಂದು ಕೆಲಸ ಮಾಡಿ: ಮಧ್ಯಾಹ್ನದ ಬಿಸಿಲಲ್ಲಿ, 200ರಲ್ಲಿ, 1/500ಕ್ಕೆ, ಅಲುಗಾಡದ ಗೋಡೆಯೊಂದರ ಫೋಟೋ ತೆಗೆಯಿರಿ. ಫೋಕಸ್ ಸರಿಯಿದ್ದೂ ಅದು ಮಸುಕಾಗಿದ್ದರೆ ತನ್ನಿ, ಬಿಚ್ಚುತ್ತೇನೆ.