ಬ್ಯಾಕಪ್ ಇದೆ, ಸರಿ. ಎಲ್ಲಿದೆ?

ಕಲಬುರಗಿಯ ಯಾವ ದಾಲ್ ಮಿಲ್‌ಗೆ, ಅಡತಿ ಅಂಗಡಿಗೆ, ಆಸ್ಪತ್ರೆಗೆ ಹೋಗಿ ಕೇಳಿದರೂ ‘ಹೌದ್ರಿ ಸರ್, ಬ್ಯಾಕಪ್ ದಿನಾ ತಗೀತೀವಿ’ ಎಂಬ ಉತ್ತರವೇ ಬರುತ್ತದೆ. ಅದು ಸುಳ್ಳಲ್ಲ. ಮುನೀಮರು ಸಂಜೆ ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್ ಮುಚ್ಚುವ ಮೊದಲು ಬ್ಯಾಕಪ್ ಒತ್ತಿಯೇ ಮನೆಗೆ ಹೋಗುತ್ತಾರೆ. ಆ ಪ್ರತಿ ಎಲ್ಲಿ ಕೂತಿದೆ ಎಂದು ಕೇಳಿದಾಗ ಮಾತ್ರ ಉತ್ತರ ತಡವಾಗುತ್ತದೆ. ಬಹಳ ಕಡೆ ಅದು ಅದೇ ಕಂಪ್ಯೂಟರಿನ ಡಿ ಡ್ರೈವ್‌ನಲ್ಲಿ ಇರುತ್ತದೆ. ಇನ್ನಷ್ಟು ಜಾಗ್ರತೆ ಇರುವವರಲ್ಲಿ ಒಂದು ಹಾರ್ಡ್ ಡಿಸ್ಕ್ ಇರುತ್ತದೆ, ಅದೂ ಹಗಲು ರಾತ್ರಿ ಅದೇ ಕಂಪ್ಯೂಟರಿಗೆ ಸಿಕ್ಕಿಸಿಕೊಂಡೇ ಇರುತ್ತದೆ.

ನಾನು ಹೇಳಬೇಕಾದ್ದು ಇಷ್ಟೇ. ಅಸಲು ಡೇಟಾಕ್ಕೆ ಬರುವ ಆಪತ್ತು ಪ್ರತಿಗೂ ಬರುವಂತಿದ್ದರೆ ಆ ಪ್ರತಿಯನ್ನು ಬ್ಯಾಕಪ್ ಎಂದು ಲೆಕ್ಕಕ್ಕೆ ಹಿಡಿಯಬೇಡಿ.

ಕಪನೂರ ಇಂಡಸ್ಟ್ರಿಯಲ್ ಏರಿಯಾದ ಒಂದು ಮಿಲ್‌ನ ವಿಷಯ ಹೇಳುತ್ತೇನೆ. ಜನವರಿ ತಿಂಗಳು, ತೊಗರಿಯ ಸೀಸನ್. ಬೆಳಿಗ್ಗೆ ಮುನೀಮರು ಕಂಪ್ಯೂಟರ್ ಹಚ್ಚಿದರೆ ಟ್ಯಾಲಿ ತೆರೆಯಲಿಲ್ಲ. ಫೋಲ್ಡರಿನಲ್ಲಿದ್ದ ಪ್ರತಿಯೊಂದು ಫೈಲಿನ ಹೆಸರಿಗೂ ವಿಚಿತ್ರವಾದ ಬಾಲ ಸೇರಿಕೊಂಡಿತ್ತು. ಪಕ್ಕದಲ್ಲೇ ಹಣ ಕೇಳುವ ಒಂದು ಚೀಟಿ ಫೈಲು. ಮಾಲೀಕರು ಮನೆಯಿಂದಲೇ ಲೆಕ್ಕ ನೋಡಲಿ ಎಂದು ಯಾರೋ ರಿಮೋಟ್ ಡೆಸ್ಕ್‌ಟಾಪ್ ತೆರೆದು ಕೊಟ್ಟಿದ್ದರು. ಪಾಸ್‌ವರ್ಡ್ ಅಂಗಡಿಯ ಹೆಸರು, ಮುಂದೆ 123. ರಾತ್ರಿ ಆ ಬಾಗಿಲಿನಿಂದ ಒಳಗೆ ಬಂದವರು ಟ್ಯಾಲಿಯನ್ನೂ ಬೀಗ ಹಾಕಿದ್ದರು, ಸಿಕ್ಕಿಸಿದ್ದ ಹಾರ್ಡ್ ಡಿಸ್ಕನ್ನೂ ಬೀಗ ಹಾಕಿದ್ದರು. ಕಂಪ್ಯೂಟರಿಗೆ ಅದು ಇ ಡ್ರೈವ್ ಎಂದು ಕಾಣುತ್ತಿತ್ತು, ಬಂದವರಿಗೂ ಹಾಗೆಯೇ ಕಂಡಿತು.

ಸ್ವಲ್ಪ ಮಟ್ಟಿಗೆ ಉಳಿಸಿದ್ದು ಆಡಿಟರ್ ಕಚೇರಿ. ಸೆಪ್ಟೆಂಬರಿನಲ್ಲಿ ಆಡಿಟ್‌ಗೆಂದು ಒಯ್ದಿದ್ದ ಪ್ರತಿ ಅವರಲ್ಲಿತ್ತು. ಅಲ್ಲಿಂದ ಮುಂದಿನದನ್ನು ಬ್ಯಾಂಕ್ ಸ್ಟೇಟ್‌ಮೆಂಟ್, ಜಿಎಸ್‌ಟಿ ರಿಟರ್ನ್, ತೂಕದ ಚೀಟಿ ಇಟ್ಟುಕೊಂಡು ಮತ್ತೆ ಕೂಡಿಸಿದೆವು. ಮಾರಾಟದ ಬಿಲ್ಲು ಜಿಎಸ್‌ಟಿ ರಿಟರ್ನಿನಲ್ಲಿ ಸಿಗುತ್ತದೆ. ಆದರೆ ಯಾವ ರೈತನಿಗೆ ಎಷ್ಟು ಬಾಕಿ, ಯಾರ ಕಡೆಯಿಂದ ಎಷ್ಟು ಉದ್ರಿ ಬರಬೇಕು ಎಂಬುದು ಯಾವ ಪೋರ್ಟಲ್‌ನಲ್ಲೂ ಇರುವುದಿಲ್ಲ. ರೈತರು ತಮ್ಮ ಪಟ್ಟಿ ಹಿಡಿದು ಗೇಟಿನಲ್ಲಿ ನಿಂತಿದ್ದರು. ಅವರ ದುಡ್ಡು ಅವರಿಗೆ ತಡವಾಯಿತು. ಈ ವಿಷಯವನ್ನು ನಾನು ಪದೇ ಪದೇ ಬರೆಯುವುದಕ್ಕೆ ಅದೇ ಕಾರಣ. ನಷ್ಟ ಮಾಲೀಕರೊಬ್ಬರದ್ದೇ ಆಗಿದ್ದರೆ ಅದು ಬೇರೆ ಮಾತು.

ಇದೇ ಥರ ಮೋಸ ಹೋಗುವ ಇನ್ನೂ ಎರಡು ಜಾಗಗಳಿವೆ. ಸರ್ವರ್‌ನಲ್ಲಿ ಎರಡು ಡಿಸ್ಕ್ ಜೋಡಿಸಿ ರೇಡ್ ಮಾಡಿದ್ದೇವೆ, ಅಂದರೆ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಆಗಲೇ ಬರೆದುಕೊಳ್ಳುತ್ತದೆ, ಸಾಕಲ್ವಾ ಎನ್ನುತ್ತಾರೆ. ಒಂದು ಡಿಸ್ಕ್ ಕೆಟ್ಟರೆ ಕೆಲಸ ನಿಲ್ಲದಿರಲಿ ಎಂಬುದಕ್ಕೆ ರೇಡ್ ಒಳ್ಳೆಯದು. ನೀವು ತಪ್ಪಿ ಒಂದು ಕಂಪನಿಯ ಡೇಟಾ ಅಳಿಸಿದರೆ ಎರಡೂ ಡಿಸ್ಕಿನಿಂದ ಅದೇ ಕ್ಷಣ ಅಳಿಸಿ ಹೋಗುತ್ತದೆ. ಇನ್ನೊಂದು, ಗೂಗಲ್ ಡ್ರೈವ್ ಥರದ ಸಿಂಕ್, ಅಂದರೆ ಇಲ್ಲಿಯ ಬದಲಾವಣೆ ತಾನೇ ಇಂಟರ್‌ನೆಟ್‌ನಲ್ಲಿರುವ ಪ್ರತಿಗೂ ಹೋಗುವುದು. ಇಲ್ಲಿ ಕೆಟ್ಟ ಫೈಲು ಅಲ್ಲಿಗೂ ಹೋಗಿ ಒಳ್ಳೆಯದರ ಮೇಲೆ ಕೂರುತ್ತದೆ. ಹಳೆಯ ಆವೃತ್ತಿಗಳು ಸ್ವಲ್ಪ ದಿನ ಸಿಗುತ್ತವೆ ನಿಜ. ಸಾವಿರಾರು ಫೈಲನ್ನು ಒಂದೊಂದಾಗಿ ಹಿಂದಕ್ಕೆ ತರುವುದು ಎಷ್ಟು ಕಷ್ಟ ಎಂದು ಮಾಡಿ ನೋಡಿದವರಿಗೇ ಗೊತ್ತು.

ದೊಡ್ಡವರ ಕಥೆಯೂ ಬೇರೆ ಇಲ್ಲ. 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ಎಂಬ ಸೈಬರ್ ದಾಳಿ ಮೇರ್ಸ್ಕ್ ಎಂಬ ಹಡಗು ಕಂಪನಿಯನ್ನು ನೆಲಕ್ಕೆ ಕೆಡವಿತು. ಯಾವ ನೌಕರ ಯಾವ ಕಂಪ್ಯೂಟರಿಗೆ ಹೋಗಬಹುದು ಎಂದು ತೀರ್ಮಾನಿಸುವ ಡೊಮೈನ್ ಕಂಟ್ರೋಲರ್‌ಗಳು ಅವರಿಗೆ ಜಗತ್ತಿನ ತುಂಬ ಇದ್ದವು. ಒಂದಕ್ಕೊಂದು ಪ್ರತಿಯಾಗಿದ್ದವು. ಎಲ್ಲವೂ ಒಂದೇ ನೆಟ್‌ವರ್ಕ್‌ನಲ್ಲಿ ಇದ್ದುದರಿಂದ ಎಲ್ಲವೂ ಹೋದವು. ಉಳಿದದ್ದು ಘಾನಾ ದೇಶದ ಕಚೇರಿಯ ಒಂದೇ ಒಂದು. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು, ಆ ಯಂತ್ರ ನೆಟ್‌ವರ್ಕ್‌ನಿಂದ ಹೊರಗಿತ್ತು. ಅದರಿಂದ ಕಂಪನಿ ಮತ್ತೆ ಎದ್ದಿತು. ಅವರಿಗೆ ಅದೃಷ್ಟದಿಂದ ಆದದ್ದನ್ನು ನಾವು ಬೇಕೆಂದೇ ಮಾಡಬಹುದು. ಒಂದು ಪ್ರತಿಯನ್ನು ಬಿಚ್ಚಿ ಇಡಬೇಕು. ಎರಡು ಹಾರ್ಡ್ ಡಿಸ್ಕ್ ತೆಗೆದುಕೊಳ್ಳಿ. ಒಂದು ಅಂಗಡಿಯಲ್ಲಿ, ಒಂದು ಮನೆಯ ಕಪಾಟಿನಲ್ಲಿ. ವಾರಕ್ಕೊಮ್ಮೆ ಅದಲು ಬದಲು. ಪ್ರತಿ ತೆಗೆಯುವ ಅರ್ಧ ಗಂಟೆ ಮಾತ್ರ ಅದು ಕಂಪ್ಯೂಟರಿಗೆ ಹತ್ತಬೇಕು. ಪೆನ್ ಡ್ರೈವ್ ಬೇಡ. ಅದು ಕಳೆಯುತ್ತದೆ, ಬೇಗ ಕೆಡುತ್ತದೆ, ಮತ್ತು ಕೆಟ್ಟದ್ದು ಬೇಕಾದ ದಿನವೇ ಗೊತ್ತಾಗುತ್ತದೆ.

ಇನ್ನು ಊರಿನ ಮಾತು. ನಮ್ಮ ಭಾಗದಲ್ಲಿ ಏನೇನು ಆಗಬಹುದು ಎಂದು ಮೊದಲು ನೋಡಬೇಕು. ಏಪ್ರಿಲ್, ಮೇನಲ್ಲಿ 43-44 ಡಿಗ್ರಿ ಬಿಸಿಲು. ಸರ್ವರ್ ಇಟ್ಟ ಕೋಣೆ ಎಷ್ಟೋ ಕಡೆ ಮಹಡಿಯ ಮೇಲಿನ ಪತ್ರಾಸ್ ಕೋಣೆ. ಮಿಲ್‌ಗಳಲ್ಲಿ ತೊಗರಿ ಹೊಟ್ಟಿನ ದೂಳು ಫ್ಯಾನಿಗೆ ಮೆತ್ತಿಕೊಂಡು ಯಂತ್ರ ಒಳಗೇ ಬೇಯುತ್ತದೆ. ಮಳೆಗಾಲದ ಮೊದಲು ಮಿಂಚು. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿದಾಗ ಅಫಜಲಪುರ, ಜೇವರ್ಗಿ ಕಡೆ ಏನಾಯಿತು ಎಂದು ನೋಡಿದ್ದೇವೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಭೂಕಂಪದಲ್ಲಿ ಕುಸಿದ ಕಿಲ್ಲಾರಿ ನಮ್ಮಿಂದ ನೂರು ಕಿಲೋಮೀಟರ್ ಒಳಗೇ ಇದೆ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವರದಲ್ಲಿ ನೆಲ ನಡುಗಿ ಜನ ಮನೆಯ ಹೊರಗೆ ಮಲಗಿದರು. ಹೆದರಿಸಲು ಹೇಳುತ್ತಿಲ್ಲ. ಎರಡನೇ ಪ್ರತಿಯ ಜಾಗ ಹುಡುಕುವಾಗ ಈ ಪಟ್ಟಿ ಕೈಯಲ್ಲಿ ಇರಬೇಕು.

ಬೆಂಕಿಗೆ ಪಕ್ಕದ ಕಟ್ಟಡವಾದರೂ ದೂರವಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಗ್ರಾಹಕರ ಡೇಟಾ ಇಟ್ಟುಕೊಳ್ಳುವ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟು ಹೋಯಿತು. ಅದೇ ಆವರಣದಲ್ಲಿ ಬ್ಯಾಕಪ್ ಇಟ್ಟುಕೊಂಡಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. ಗಂಜ್‌ನಲ್ಲಿ ಅಂಗಡಿ, ಎರಡನೇ ಪ್ರತಿ ಅದೇ ಸಾಲಿನ ಗೋದಾಮಿನಲ್ಲಿ ಎಂದರೆ ಇದೇ ತಪ್ಪು. ಕಳ್ಳತನ, ಬೆಂಕಿ, ಮಿಂಚಿಗೆ ಊರಿನ ಇನ್ನೊಂದು ತುದಿ ಸಾಕು. ನೆರೆ, ಭೂಕಂಪಕ್ಕೆ ಸಾಲದು. ಹುಮನಾಬಾದ್‌ನಲ್ಲಿ ತಮ್ಮನ ಅಂಗಡಿ ಇದ್ದರೆ, ಬೀದರಿನಲ್ಲಿ ಶಾಖೆ ಇದ್ದರೆ ಅದು ಒಳ್ಳೆಯ ಎರಡನೇ ಜಾಗ. ಮೂರನೆಯದು ಕ್ಲೌಡ್, ಅಂದರೆ ಇಂಟರ್‌ನೆಟ್ ಮೂಲಕ ಬಾಡಿಗೆಗೆ ಸಿಗುವ ಬೇರೆಯವರ ಸರ್ವರ್. ಅಮೆಜಾನ್‌ಗೆ ಮುಂಬೈ ಮತ್ತು ಹೈದರಾಬಾದಿನಲ್ಲಿ, ಮೈಕ್ರೋಸಾಫ್ಟ್‌ಗೆ ಪುಣೆ ಮತ್ತು ಚೆನ್ನೈನಲ್ಲಿ ಡೇಟಾ ಸೆಂಟರ್‌ಗಳಿವೆ. ಯಾರ ಬಳಿ ಕೊಂಡರೂ ಆಬ್ಜೆಕ್ಟ್ ಲಾಕ್ ಸೌಲಭ್ಯ ಇದೆಯೇ ಎಂದು ಕೇಳಿ. ಅದನ್ನು ಗಟ್ಟಿಯಾಗಿ ಹಾಕಿದರೆ ನೀವು ಹೇಳಿದ ದಿನದವರೆಗೆ ಆ ಪ್ರತಿಯನ್ನು ನಿಮ್ಮ ಪಾಸ್‌ವರ್ಡ್ ಕದ್ದವನೂ ಅಳಿಸಲಾರ. ಕ್ಲೌಡ್‌ನ ಪಾಸ್‌ವರ್ಡನ್ನು ಅದೇ ಕಂಪ್ಯೂಟರಿನ ಬ್ರೌಸರಿನಲ್ಲಿ ಉಳಿಸಿದ್ದರೆ ಹೈದರಾಬಾದ್ ಎಷ್ಟು ದೂರವಿದ್ದೂ ಉಪಯೋಗವಿಲ್ಲ. ದೂರ ಎಂದರೆ ಬರೀ ಕಿಲೋಮೀಟರ್ ಅಲ್ಲ, ಬೇರೆ ಬೀಗವೂ ಆಗಬೇಕು.

ಎಷ್ಟು ಖರ್ಚು ಮಾಡಬೇಕು ಎಂಬುದಕ್ಕೆ ನಾನು ಮಾಲೀಕರಿಗೆ ಎರಡು ಪ್ರಶ್ನೆ ಕೇಳುತ್ತೇನೆ. ಎಷ್ಟು ಹೊತ್ತಿನ ಲೆಕ್ಕ ಕಳೆದರೆ ತಡೆದುಕೊಳ್ಳುತ್ತೀರಿ? ಎಷ್ಟು ಹೊತ್ತು ಕೆಲಸ ನಿಂತರೆ ತಡೆದುಕೊಳ್ಳುತ್ತೀರಿ? ನಮ್ಮ ವೃತ್ತಿಯಲ್ಲಿ ಮೊದಲನೆಯದನ್ನು ಆರ್‌ಪಿಒ, ಎರಡನೆಯದನ್ನು ಆರ್‌ಟಿಒ ಎನ್ನುತ್ತೇವೆ. ಎಲ್ಲರೂ ಮೊದಲು ‘ಒಂದು ನಿಮಿಷನೂ ಆಗಲ್ರಿ’ ಎನ್ನುತ್ತಾರೆ. ಅದರ ಬೆಲೆ ಹೇಳಿದ ಮೇಲೆ ನಿಜವಾದ ಉತ್ತರ ಹೊರಗೆ ಬರುತ್ತದೆ. ಅಡತಿ ಅಂಗಡಿಗೆ ಸೀಸನ್ನಿನಲ್ಲಿ ಅರ್ಧ ದಿನದ ಲೆಕ್ಕ ಹೋದರೂ ಕಷ್ಟ, ಜೂನ್‌ನಲ್ಲಿ ಎರಡು ದಿನ ಹೋದರೂ ನಡೆಯುತ್ತದೆ. ಹಾಗಾದರೆ ಬ್ಯಾಕಪ್ಪಿನ ವೇಳಾಪಟ್ಟಿಯೂ ವರ್ಷವಿಡೀ ಒಂದೇ ಇರಬೇಕಿಲ್ಲ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ. ಉಳಿದ ದಿನ ರಾತ್ರಿ ಸಾಕು. ಆಸ್ಪತ್ರೆಯ ಲೆಕ್ಕವೇ ಬೇರೆ. ರೋಗಿಯ ಔಷಧಿ, ಅಲರ್ಜಿ, ಲ್ಯಾಬ್ ವರದಿ ಅರ್ಧ ಗಂಟೆ ಕಾಣದಿದ್ದರೂ ಅಪಾಯ. ಅಲ್ಲಿ ಎರಡನೇ ಸರ್ವರ್ ಸದಾ ಚಾಲೂ ಇರಲೇಬೇಕು. ಆ ಖರ್ಚಿನಲ್ಲಿ ಜಿಪುಣತನ ಮಾಡುವುದನ್ನು ನಾನು ಒಪ್ಪುವುದಿಲ್ಲ.

ಹಾಗೆ ಸದಾ ಚಾಲೂ ಇರುವ ಜಾಗಕ್ಕೆ ಹಾಟ್ ಸೈಟ್ ಎನ್ನುತ್ತಾರೆ. ಯಂತ್ರ ಇದ್ದು, ಡೇಟಾ ಹಾಕಿಕೊಂಡು ಶುರು ಮಾಡಬೇಕಾದದ್ದು ವಾರ್ಮ್ ಸೈಟ್. ಬರೀ ಕೋಣೆ, ಕರೆಂಟ್, ಇಂಟರ್‌ನೆಟ್ ಇದ್ದರೆ ಕೋಲ್ಡ್ ಸೈಟ್. ಬ್ಯಾಂಕು, ದೊಡ್ಡ ಆಸ್ಪತ್ರೆ ಬಿಟ್ಟರೆ ನಮ್ಮ ಊರಿನ ಹೆಚ್ಚಿನ ವ್ಯಾಪಾರಕ್ಕೆ ವಾರ್ಮ್ ಸೈಟ್ ಸಾಕು ಎಂಬುದು ನನ್ನ ಅಭಿಪ್ರಾಯ. ಅಂದರೆ ಹುಮನಾಬಾದಿನ ತಮ್ಮನ ಅಂಗಡಿಯಲ್ಲಿ ಒಂದು ಲ್ಯಾಪ್‌ಟಾಪ್, ಒಂದು ಪ್ರಿಂಟರ್, ಟ್ಯಾಲಿ ಹಾಕಿಟ್ಟದ್ದು. ಜೊತೆಗೆ ಒಂದು ಕಾಗದ. ಅದರಲ್ಲಿ ಟ್ಯಾಲಿಯ ಸೀರಿಯಲ್ ನಂಬರ್, ಲೈಸೆನ್ಸ್ ಯಾವ ಇಮೇಲ್‌ನಲ್ಲಿದೆ, ಆಡಿಟರ್ ಫೋನ್, ಇಂಟರ್‌ನೆಟ್‌ನವರ ಫೋನ್. ಸರಕು ಸಾಗಿಸಲು ಬೇಕಾದ ಇ-ವೇ ಬಿಲ್ ಸರ್ಕಾರದ ಪೋರ್ಟಲ್‌ನಲ್ಲಿ ಆಗುವುದರಿಂದ ಯಾವ ಊರಿನಿಂದಲೂ ಮಾಡಬಹುದು. ಆದರೆ ಓಟಿಪಿ ಬರುವ ಮೊಬೈಲ್ ಯಾರ ಜೇಬಿನಲ್ಲಿದೆ? ಕೆಲಸ ಬಿಟ್ಟು ಹೋದ ಹುಡುಗನ ನಂಬರಿಗೆ ಓಟಿಪಿ ಹೋಗುತ್ತಿದ್ದ ಅಂಗಡಿಗಳನ್ನು ನೋಡಿದ್ದೇನೆ. ಲಾರಿ ತುಂಬಿ ನಿಂತಿರುತ್ತದೆ, ಬಿಲ್ ಹರಿಯುವುದಿಲ್ಲ.

ಇಂಟರ್‌ನೆಟ್‌ನ ಗಣಿತ ಮೊದಲೇ ಮಾಡಿಕೊಳ್ಳಿ. 2 ಜಿಬಿ ಟ್ಯಾಲಿ ಡೇಟಾ 10 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ ಅರ್ಧ ಗಂಟೆಯೊಳಗೆ ಹೋಗುತ್ತದೆ. ಆಸ್ಪತ್ರೆಯ 500 ಜಿಬಿ ಸ್ಕ್ಯಾನ್ ಚಿತ್ರಗಳಿಗೆ ಅದೇ ಲೈನಿನಲ್ಲಿ ನಾಲ್ಕೂವರೆ ದಿನಕ್ಕಿಂತ ಜಾಸ್ತಿ ಬೇಕು. ರಸ್ತೆ ಅಗೆದು ಫೈಬರ್ ಕಡಿದರೆ ಅದೂ ನಿಂತಿತು. ಅಂಥವರು ಮೊದಲ ಪೂರ್ತಿ ಪ್ರತಿಯನ್ನು ಡಿಸ್ಕಿನಲ್ಲಿ ತುಂಬಿ ಕಾರಿನಲ್ಲೇ ಒಯ್ಯಲಿ. ಆಮೇಲೆ ದಿನದಿನದ ಹೊಸ ಫೈಲುಗಳನ್ನಷ್ಟೇ ಲೈನಿನಲ್ಲಿ ಕಳಿಸಲಿ. ಹಿಂದಕ್ಕೆ ತರುವಾಗಲೂ ಇಷ್ಟೇ ಹೊತ್ತು ಹಿಡಿಯುತ್ತದೆಯೇ ಎಂದು ಡೌನ್‌ಲೋಡ್ ವೇಗ ಹಿಡಿದು ಲೆಕ್ಕ ಹಾಕಿ.

ಕಾನೂನಿನ ಮಾತು ಎರಡೇ ಸಾಲು. ಕಂಪನಿಯಾಗಿ ನೋಂದಾಯಿಸಿಕೊಂಡವರು ಲೆಕ್ಕದ ಬ್ಯಾಕಪ್ಪನ್ನು ಭಾರತದೊಳಗಿನ ಸರ್ವರ್‌ನಲ್ಲಿ ದಿನವೂ ಇಡಬೇಕೆಂದು ಕಂಪನಿ ನಿಯಮಗಳ 2022ರ ತಿದ್ದುಪಡಿ ಹೇಳುತ್ತದೆ, ಪುಸ್ತಕಗಳನ್ನು 8 ವರ್ಷ ಕಾಯಬೇಕು. ಜಿಎಸ್‌ಟಿಯಲ್ಲಿ ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು.

ಈಗ ಎಲ್ಲಕ್ಕಿಂತ ಜಾಸ್ತಿ ಬಿಟ್ಟುಹೋಗುವ ಕೆಲಸ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಾಫ್ಟ್‌ವೇರ್ ಕಂಪನಿಯಲ್ಲಿ ಒಬ್ಬ ಇಂಜಿನಿಯರ್ ತಪ್ಪಿ ಅಸಲು ಡೇಟಾಬೇಸ್ ಅಳಿಸಿದರು. ಬ್ಯಾಕಪ್‌ಗೆ ಹಲವು ವ್ಯವಸ್ಥೆ ಇದ್ದವು. ತೆರೆದು ನೋಡಿದರೆ ಒಂದಾದ ಮೇಲೊಂದು ಕೆಲಸ ಮಾಡುತ್ತಿರಲಿಲ್ಲ. ಅದೃಷ್ಟಕ್ಕೆ ಆರು ಗಂಟೆ ಹಿಂದೆ ಒಬ್ಬರು ಕೈಯಾರೆ ತೆಗೆದಿದ್ದ ಪ್ರತಿ ಸಿಕ್ಕಿತು. ಆ ಆರು ಗಂಟೆಯ ಡೇಟಾ ಹೋಯಿತು. ನಡೆದದ್ದನ್ನೆಲ್ಲ ಅವರು ಬಹಿರಂಗವಾಗಿ ಬರೆದರು, ಅದರಿಂದ ನಮ್ಮಂಥವರಿಗೆ ಬಹಳ ಉಪಕಾರವಾಗಿದೆ.

ಪ್ರತಿಯನ್ನು ವಾಪಸ್ ಎತ್ತಿ ನೋಡಬೇಕು. ವರ್ಷಕ್ಕೆ ಎರಡು ಸಲವಾದರೂ. ತೊಗರಿ ಸೀಸನ್ ಶುರುವಾಗುವ ಮೊದಲು ನವೆಂಬರಿನಲ್ಲಿ ಒಮ್ಮೆ, ಮುಂಗಾರಿಗೆ ಮೊದಲು ಮೇನಲ್ಲಿ ಒಮ್ಮೆ ಇಟ್ಟುಕೊಳ್ಳಿ. ಕಂಪ್ಯೂಟರಿನವನನ್ನು ಕರೆಯಬೇಡಿ. ಆಪತ್ತಿನ ದಿನ ಅವನು ಸಿಗದೇ ಇರಬಹುದು. ಮುನೀಮರೇ ಆ ಕಾಗದ ಹಿಡಿದು ಎರಡನೇ ಜಾಗಕ್ಕೆ ಹೋಗಲಿ. ಅಂಗಡಿಯ ಕಂಪ್ಯೂಟರನ್ನು ಮುಟ್ಟದೆ, ಅಲ್ಲಿರುವ ಪ್ರತಿಯಿಂದ ಟ್ಯಾಲಿ ತೆರೆಯಲಿ. ಶುರು ಮಾಡಿದ ಹೊತ್ತು, ಮುಗಿದ ಹೊತ್ತು ಬರೆದಿಡಲಿ. ತೆರೆದ ಮೇಲೆ ಮೂರು ಅಂಕಿ ತಾಳೆ ನೋಡಲಿ. ಕೊನೆಯ ವೋಚರ್ ನಂಬರ್, ಗೋದಾಮಿನ ಸ್ಟಾಕ್, ಯಾರಾದರೂ ಒಬ್ಬ ಪಾರ್ಟಿಯ ಉದ್ರಿ ಬಾಕಿ. ಆಮೇಲೆ ಒಂದು ಬಿಲ್ ಪ್ರಿಂಟ್ ತೆಗೆಯಲಿ. ಎಲ್ಲಿ ಸಿಕ್ಕಿಹಾಕಿಕೊಂಡರೋ ಆ ಸಾಲನ್ನು ಕಾಗದದಲ್ಲಿ ಅವತ್ತೇ ತಿದ್ದಿ, ತಿದ್ದಿದ ಪ್ರತಿಯನ್ನು ಎರಡೂ ಜಾಗದಲ್ಲಿ ಇಡಲಿ.