ಸ್ಲ್ಯಾಬ್ ಒಳಗಿನ ಕಾಮಿಕ್: ಅಂಕಕ್ಕೆ ಮೊದಲು ನೋಡಬೇಕಾದದ್ದು

ಕಾಮಿಕ್ ಪುಸ್ತಕದ ಸ್ಥಿತಿಯನ್ನು ಕಂಪನಿಯೊಂದು ಪರೀಕ್ಷಿಸಿ, ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡುವುದಕ್ಕೆ ಗ್ರೇಡಿಂಗ್ ಎನ್ನುತ್ತಾರೆ. ಹಾಗೆ ಗ್ರೇಡ್ ಆಗಿ ಬಂದ ಕಾಮಿಕ್ ಕೈಗೆ ಸಿಕ್ಕ ಕೂಡಲೇ ಎಲ್ಲರ ಕಣ್ಣೂ ಹೋಗುವುದು ಲೇಬಲ್ಲಿನ ಮೇಲಿರುವ ದೊಡ್ಡ ಅಂಕಕ್ಕೆ. 9.8 ಎಂದಿದ್ದರೆ ಉಳಿದ ಸಾಲುಗಳನ್ನು ಓದುವ ತಾಳ್ಮೆ ಹೆಚ್ಚಿನವರಿಗೆ ಇರುವುದಿಲ್ಲ. ಆದರೆ ಆ ಅಂಕ ಹೇಳುವುದು, ಪ್ರತಿಯನ್ನು ಒಳಗಿಟ್ಟು ಮುಚ್ಚಿದ ದಿನ ಅದು ಹೇಗಿತ್ತು ಎಂಬುದನ್ನು ಮಾತ್ರ. ಆಮೇಲೆ ಪೆಟ್ಟಿಗೆ ಎಷ್ಟು ಸಲ ಕೆಳಗೆ ಬಿತ್ತು, ಎಷ್ಟು ಬೇಸಿಗೆ ಕಿಟಕಿಯ ಪಕ್ಕ ಕಳೆಯಿತು, ಯಾರಾದರೂ ಬಿಚ್ಚಿ ಮತ್ತೆ ಮುಚ್ಚಿದರೋ ಎಂಬುದು ಲೇಬಲ್ಲಿಗೆ ಗೊತ್ತಿರುವುದಿಲ್ಲ. ಹಾಗಾಗಿ ಪ್ಲಾಸ್ಟಿಕ್ಕು, ಲೇಬಲ್ಲು, ಒಳಗಿನ ಕಾಗದ ಈ ಮೂರನ್ನೂ ಬೇರೆ ಬೇರೆಯಾಗಿಯೇ ಪರೀಕ್ಷಿಸಬೇಕು.

ಅಮೆರಿಕದ ಸಿಜಿಸಿ ಎಂಬ ಕಂಪನಿ 2000ನೇ ಇಸವಿಯಲ್ಲಿ ಕಾಮಿಕ್ ಗ್ರೇಡಿಂಗ್ ಆರಂಭಿಸಿತು. 2014ರಲ್ಲಿ ಇದೇ ಕೆಲಸದ ಇನ್ನೊಂದು ಕಂಪನಿ ಸಿಬಿಸಿಎಸ್ ಬಂತು. ಇವರ ಪೆಟ್ಟಿಗೆಯನ್ನು ಸಂಗ್ರಾಹಕರು ಸ್ಲ್ಯಾಬ್ ಎನ್ನುತ್ತಾರೆ. ಸಿಜಿಸಿಯ ಸ್ಲ್ಯಾಬ್ ಸುಮಾರು 8 ಇಂಚು ಅಗಲ, 13 ಇಂಚಿಗೆ ತುಸು ಕಡಿಮೆ ಎತ್ತರ. ಅದರಲ್ಲಿ ಎರಡು ಪದರಗಳಿವೆ. ಮೊದಲನೆಯದು ಮೆತ್ತಗಿನ, ಪಾರದರ್ಶಕ ಒಳಚೀಲ. ಕಾಮಿಕ್ ಕೂರುವುದು ಇದರಲ್ಲಿ. ಎರಡನೆಯದು ಗಟ್ಟಿ ಪ್ಲಾಸ್ಟಿಕ್ಕಿನ ಎರಡು ಹೋಳುಗಳ ಹೊರಪೆಟ್ಟಿಗೆ. ಈ ಹೋಳುಗಳನ್ನು ಅಂಟಿನಿಂದಲ್ಲ, ಶ್ರವಣಾತೀತ (ಅಲ್ಟ್ರಾಸಾನಿಕ್) ಕಂಪನದ ಬಿಸಿಯಿಂದ ಕರಗಿಸಿ ಬೆಸೆಯುತ್ತಾರೆ. ಲೇಬಲ್ ಕೂರುವುದು ಮೇಲ್ಭಾಗದ ಬೇರೆಯದೇ ಕಿಂಡಿಯಲ್ಲಿ.

ಕಣ್ಣಿಗೆ ಬೀಳದ ಇನ್ನೊಂದು ಭಾಗವೂ ಇದೆ. ಮುಂದಿನ ರಕ್ಷಾಪುಟದ ಒಳಗೊಂದು, ಹಿಂದಿನದರ ಒಳಗೊಂದು ಮೈಕ್ರೋಚೇಂಬರ್ ಕಾಗದದ ತೆಳು ಹಾಳೆ ಇರುತ್ತದೆ. ಹಳೆಯ ಕಾಮಿಕ್‌ಗಳು ಅಚ್ಚಾಗಿರುವುದು ನ್ಯೂಸ್‌ಪ್ರಿಂಟ್‌ನಲ್ಲಿ. ಅದರಲ್ಲಿ ಮರದ ಲಿಗ್ನಿನ್ ಎಂಬ ಅಂಶ ಉಳಿದಿರುತ್ತದೆ. ಕಾಗದ ವಯಸ್ಸಾದಂತೆ ಆಮ್ಲವನ್ನು ಹೊರಬಿಡುತ್ತ ಹಳದಿಗೆ, ಕಂದಿಗೆ, ಕೊನೆಗೆ ಪುಡಿಪುಡಿ ಆಗುವ ಸ್ಥಿತಿಗೆ ಬರುತ್ತದೆ. ಮೈಕ್ರೋಚೇಂಬರ್ ಹಾಳೆಯಲ್ಲಿರುವ ಸಕ್ರಿಯ ಇದ್ದಿಲು ಮತ್ತು ಜಿಯೋಲೈಟ್ ಎಂಬ ಖನಿಜ ಆ ಆಮ್ಲದ ಆವಿಯನ್ನು ಹೀರಿಕೊಳ್ಳುತ್ತವೆ. ಹೀರುವುದಕ್ಕೂ ಒಂದು ಮಿತಿ ಇದೆಯಲ್ಲ. ತುಂಬಿದ ಮೇಲೆ ಹಾಳೆ ಬರೀ ಹಾಳೆ. ಏಳರಿಂದ ಹತ್ತು ವರ್ಷಕ್ಕೊಮ್ಮೆ ಅದನ್ನು ಬದಲಿಸುವುದು ಒಳ್ಳೆಯದು ಎನ್ನುವುದು ಇದೇ ಕಾರಣಕ್ಕೆ. 1940ರ ದಶಕದ ಪ್ರತಿ ಇಪ್ಪತ್ತು ವರ್ಷ ಹಳೆಯ ಸ್ಲ್ಯಾಬಿನಲ್ಲೇ ಕೂತಿದ್ದರೆ, ಹೊರಗೆ ಗೀರಿಲ್ಲದಿದ್ದರೂ, ಪೆಟ್ಟಿಗೆ ಬದಲಿಸಲು ಅದೊಂದೇ ಕಾರಣ ಸಾಕು.

ಸ್ಲ್ಯಾಬ್ ಗಾಳಿ ಆಡದಂತೆ ಮುಚ್ಚಿರುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಹಾಗೇನೂ ಇಲ್ಲ. ತೇವ ನಿಧಾನವಾಗಿ ಒಳಗೂ ಹೋಗುತ್ತದೆ, ಹೊರಗೂ ಬರುತ್ತದೆ. ತೇವದ ಕೋಣೆಯಲ್ಲಿ ತಿಂಗಳುಗಟ್ಟಲೆ ಇಟ್ಟರೆ ಒಳಗಿದ್ದೂ ರಕ್ಷಾಪುಟ ಅಲೆಯಲೆಯಾಗಿ ಏಳುತ್ತದೆ, ಪಿನ್ನುಗಳಿಗೆ ತುಕ್ಕು ಹಿಡಿಯುತ್ತದೆ. ನೀರಂತೂ ಸಲೀಸಾಗಿ ನುಗ್ಗುತ್ತದೆ, ಒಮ್ಮೆ ನುಗ್ಗಿದರೆ ಬೇಗ ಆರುವುದೂ ಇಲ್ಲ. ಬಿಸಿಲಿಗೂ ಈ ಪ್ಲಾಸ್ಟಿಕ್ಕನ್ನೇ ನಂಬಿ ಕೂರಬಾರದು. ಮೊದಲು ಮಾಸುವುದು ಕೆಂಪು ಮತ್ತು ಹಳದಿ ಬಣ್ಣ.

ಪೆಟ್ಟಿಗೆಯೇ ಹಾನಿ ಮಾಡುವುದೂ ಉಂಟು. ಒಳಚೀಲದಲ್ಲಿ ಕಾಮಿಕ್ ಸುತ್ತ ಸ್ವಲ್ಪ ಸಡಿಲು ಜಾಗ ಇರಲೇಬೇಕು. ಇಲ್ಲದಿದ್ದರೆ ಅಂಚು ನಲುಗುತ್ತದೆ. ಆದರೆ ಸಡಿಲು ಹೆಚ್ಚಾದಲ್ಲಿ ಸಾಗಣೆಯ ಕುಲುಕಾಟಕ್ಕೆ ಪ್ರತಿ ಒಳಗೇ ಜಾರಿ ಗೋಡೆಗೆ ಬಡಿಯುತ್ತದೆ. ಇದಕ್ಕೆ ಸಂಗ್ರಾಹಕರು ಇಟ್ಟ ಹೆಸರು ‘ಶೇಕನ್ ಕಾಮಿಕ್ ಸಿಂಡ್ರೋಮ್’, ಚಿಕ್ಕದಾಗಿ ಎಸ್‌ಸಿಎಸ್. 1960ರ ದಶಕದ ಎಷ್ಟೋ ಸಂಚಿಕೆಗಳಲ್ಲಿ ರಕ್ಷಾಪುಟ ಒಳಪುಟಗಳಿಗಿಂತ ಕೂದಲೆಳೆಯಷ್ಟು ಹೊರಚಾಚಿರುತ್ತದೆ. ಏಟು ಮೊದಲು ಬೀಳುವುದು ಆ ಚಾಚಿದ ಅಂಚಿಗೆ: ಬಲಬದಿಯಲ್ಲಿ ಸಣ್ಣ ಹರಕು, ಕೆಳಮೂಲೆಯಲ್ಲಿ ಮಡಿಕೆ. ಒಳಪುಟಗಳ ಭಾರ ಒಂದು ಕಡೆಗೆ ಜಾರಿ ನಿಂತರೆ ಪಿನ್ನಿನ ಸುತ್ತ ಕಾಗದ ಎಳೆದಂತಾಗುತ್ತದೆ. ಪರೀಕ್ಷಿಸಲು ಸ್ಲ್ಯಾಬನ್ನು ಕುಲುಕಬೇಡಿ. ಬೆಳಕನ್ನು ಒಂದು ಬದಿಯಿಂದ ಬಿಟ್ಟು, ಪೆಟ್ಟಿಗೆಯನ್ನು ಮೆಲ್ಲಗೆ ಓರೆ ಮಾಡಿ, ಪ್ರತಿಯ ನಾಲ್ಕು ಅಂಚೂ ಒಳಚೀಲದ ಅಂಚಿಗೆ ಸಮಾನಾಂತರವಾಗಿವೆಯೇ ನೋಡಿ. ಒಂದು ಕಡೆಗೆ ವಾಲಿದ್ದರೆ ಆ ಬದಿಯ ಮೂಲೆಗಳನ್ನು ಭೂತಗನ್ನಡಿಯಲ್ಲಿ ನೋಡದೆ ಹಣ ಕೊಡಬೇಡಿ.

ಇನ್ನು ಕಾಮನಬಿಲ್ಲಿನ ಬಣ್ಣದ ಉಂಗುರಗಳು. ಸಿಜಿಸಿ 2016ರಲ್ಲಿ ಹೊಸ ವಿನ್ಯಾಸದ ಪೆಟ್ಟಿಗೆ ತಂದಾಗ ಎಣ್ಣೆ ಚೆಲ್ಲಿದಂತೆ ಕಾಣುವ ಈ ಉಂಗುರಗಳ ಬಗ್ಗೆ ದೊಡ್ಡ ದೂರು ಎದ್ದಿತ್ತು. ಇವು ನ್ಯೂಟನ್ ಉಂಗುರಗಳು. ಎರಡು ನುಣುಪು ಪ್ಲಾಸ್ಟಿಕ್ ಮೈಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದು ನಡುವೆ ತೀರಾ ತೆಳುವಾದ ಗಾಳಿಪದರ ಉಳಿದಾಗ, ಎರಡೂ ಮೈಗಳಿಂದ ಮರಳುವ ಬೆಳಕು ಬೆರೆತು ಈ ಬಣ್ಣ ಹುಟ್ಟುತ್ತದೆ. ಕಾಗದಕ್ಕೆ ಇದರಿಂದ ಏನೂ ಆಗುವುದಿಲ್ಲ. ಆದರೆ ಉಂಗುರದ ಮರೆಯಲ್ಲಿ ನಿಜವಾದ ಕಲೆ ಅಡಗಿರಬಹುದು. ಬೆರಳ ತುದಿಯಿಂದ ಹೊರಪೆಟ್ಟಿಗೆಯನ್ನು ಹಗುರವಾಗಿ ಒತ್ತಿ: ಉಂಗುರ ಸರಿದರೆ ಅದು ಪ್ಲಾಸ್ಟಿಕ್ಕಿನದು, ಕದಲದೆ ನಿಂತರೆ ಅದು ರಕ್ಷಾಪುಟದ್ದೇ.

ಈಗ ಲೇಬಲ್ಲು. ಅಂಕಪಟ್ಟಿ 0.5ರಿಂದ 10.0ರವರೆಗೆ, ಒಟ್ಟು 25 ಮೆಟ್ಟಿಲು. ಮೆಟ್ಟಿಲುಗಳ ಎತ್ತರ ಮಾತ್ರ ಒಂದೇ ಸಮ ಇಲ್ಲ. 2.0ರಿಂದ 9.0ರವರೆಗೆ ಅರ್ಧರ್ಧ ಅಂಕ ಏರಿದರೆ, ಆಮೇಲೆ 9.2, 9.4, 9.6, 9.8, 9.9, 10.0. ಬೆನ್ನಿನ ಮಡಿಕೆಯಲ್ಲಿ ಬಣ್ಣ ಒಡೆದ ಎರಡು ಪುಟ್ಟ ಗೆರೆ ಸಾಕು, 9.8 ಹೋಗಿ 9.6 ಆಗುತ್ತದೆ, ಬೆಲೆಯಲ್ಲಿ ಅದು ಸಣ್ಣ ಅಂತರವಲ್ಲ. ಅಂಕದ ಕೆಳಗಿನ ಸಾಲು ಪುಟಗಳ ಬಣ್ಣದ್ದು: ಬಿಳಿ, ಮಾಸಲು ಬಿಳಿಯಿಂದ ಬಿಳಿ, ಮಾಸಲು ಬಿಳಿ, ಕೆನೆಬಣ್ಣದಿಂದ ಮಾಸಲು ಬಿಳಿ, ಹೀಗೆ ಇಳಿಯುತ್ತ ಕೊನೆಗೆ ಪುಡಿಯಾಗುವ ಕಾಗದದವರೆಗೆ. ನನ್ನ ಲೆಕ್ಕದಲ್ಲಿ ಹಳೆಯ ಸಂಚಿಕೆಗೆ ಈ ಸಾಲಿನ ತೂಕ ಅರ್ಧ ಅಂಕಕ್ಕಿಂತ ಹೆಚ್ಚು. ಬಿಳಿ ಪುಟದ 6.5 ಪ್ರತಿ ಮುಂದಿನ ಮೂವತ್ತು ವರ್ಷವನ್ನು ತಾಳಿಕೊಳ್ಳುವಂತೆ ಕಂದು ಪುಟದ 7.0 ತಾಳಿಕೊಳ್ಳಲಾರದು.

ಸಿಜಿಸಿ ಲೇಬಲ್ಲಿನ ಬಣ್ಣ ಅಂಕಕ್ಕಿಂತ ಮೊದಲು ಓದಬೇಕಾದದ್ದು. ನೀಲಿ ಸಾಮಾನ್ಯ ಲೇಬಲ್. ನೇರಳೆ ಎಂದರೆ ದುರಸ್ತಿ ಮಾಡಿ ಚೆಂದ ಕಾಣಿಸಿದ ಪ್ರತಿ: ಬಣ್ಣ ಹಚ್ಚಿದ್ದು, ಹರಿದ ತುಂಡು ಸೇರಿಸಿದ್ದು, ಅಂಚು ಕತ್ತರಿಸಿ ನೇರ ಮಾಡಿದ್ದು ಇತ್ಯಾದಿ. ಜೊತೆಗೆ ಒಂದು ಅಕ್ಷರ, ಒಂದು ಅಂಕಿ ಇರುತ್ತದೆ. ಎ, ಬಿ, ಸಿ ಕೆಲಸದ ಗುಣಮಟ್ಟಕ್ಕೆ; 1ರಿಂದ 5 ಕೆಲಸದ ಪ್ರಮಾಣಕ್ಕೆ. ‘ಸಿ-1’ ಎಂದರೆ ತೀರಾ ಸ್ವಲ್ಪವೇ, ಆದರೆ ಒರಟಾಗಿ ಮಾಡಿದ ಕೆಲಸ. ಪೆನ್ನಿನ ಶಾಯಿಯಲ್ಲಿ ಬೆನ್ನಿನ ಬಿಳಿಗೆರೆ ಮುಚ್ಚಿದಂಥದ್ದು. ‘ಎ-5’ ಎಂದರೆ ನುರಿತ ಕೈ ಇಡೀ ಪ್ರತಿಯನ್ನು ಹೊಸದಾಗಿ ಕಟ್ಟಿದಂತೆ. ಒಂದೇ ನೇರಳೆ ಬಣ್ಣದಡಿ ಇಷ್ಟು ದೂರದ ಎರಡು ವಸ್ತುಗಳಿರುವಾಗ, ನೇರಳೆ ಎಂದೊಡನೆ ಮುಖ ತಿರುಗಿಸುವುದು ಸರಿಯಲ್ಲ. ಬಿಸಿ ಮತ್ತು ಒತ್ತಡದಿಂದ ಮಡಿಕೆ ಸರಿಪಡಿಸುವ ಪ್ರೆಸ್ಸಿಂಗ್ ಕೆಲಸವನ್ನು ದುರಸ್ತಿ ಎಂದು ಸಿಜಿಸಿ ಎಣಿಸುವುದಿಲ್ಲ. ನೀಲಿ ಲೇಬಲ್ ಇದೆ ಎಂದರೆ ಯಾರೂ ಕೈ ಹಚ್ಚಿಲ್ಲ ಎಂದು ಅರ್ಥವಲ್ಲ.

ಒಂದು ದೊಡ್ಡ ದೋಷ ಬಿಟ್ಟರೆ ಉಳಿದಂತೆ ಚೆನ್ನಾಗಿರುವ ಪ್ರತಿಗೆ ಕೊಡುವ ಹಸಿರು ಲೇಬಲ್ಲಿಗೆ ಒಳ್ಳೆಯ ಉದಾಹರಣೆ ‘ಇನ್‌ಕ್ರೆಡಿಬಲ್ ಹಲ್ಕ್’ 181ನೇ ಸಂಚಿಕೆ. 1974ರ ಈ ಸಂಚಿಕೆಯಲ್ಲಿ ವೂಲ್ವರಿನ್ ಪಾತ್ರದ ಮೊದಲ ಪೂರ್ಣ ಪ್ರವೇಶ. ಆ ಕಾಲದ ಮಾರ್ವೆಲ್ ಸಂಚಿಕೆಗಳ ಪತ್ರಗಳ ಪುಟದಲ್ಲಿ ಕತ್ತರಿಸಿ ಅಂಟಿಸಿಕೊಳ್ಳಲೆಂದು ‘ವ್ಯಾಲ್ಯೂ ಸ್ಟಾಂಪ್’ ಅಚ್ಚಾಗಿರುತ್ತಿತ್ತು. ಎಷ್ಟೋ ಮಕ್ಕಳು ಅದನ್ನು ಕತ್ತರಿಸಿಕೊಂಡರು. ಹಾಗೆ ಕತ್ತರಿಸಿದ ಪ್ರತಿಯ ರಕ್ಷಾಪುಟ ಥಳಥಳ ಹೊಳೆಯುತ್ತಿದ್ದರೂ ನೀಲಿ ಲೇಬಲ್ಲಿನಲ್ಲಿ ಅಂಕ ಪಾತಾಳಕ್ಕಿಳಿಯುತ್ತದೆ. ಹಸಿರಿನಲ್ಲಾದರೆ ಆ ಒಂದು ದೋಷವನ್ನು ಹೆಸರಿಸಿ, ಉಳಿದಂತೆ ಎಷ್ಟಿದೆಯೋ ಅಷ್ಟು ಅಂಕ ಕೊಡುತ್ತಾರೆ. ಆದ್ದರಿಂದ ಹಸಿರಿನ 8.0 ನೀಲಿಯ 8.0 ಅಲ್ಲ. ಮಾರಾಟದ ಚಿತ್ರದಲ್ಲಿ ಅಂಕ ಮಾತ್ರ ಕಾಣುವಂತೆ ಕತ್ತರಿಸಿ ಹಾಕಿದ್ದರೆ ಇಡೀ ಲೇಬಲ್ಲಿನ ಚಿತ್ರ ಕೇಳಿ, ಕಳುಹಿಸದವರಿಂದ ಕೊಳ್ಳಬೇಡಿ.

ಹಳದಿ, ಸಹಿಯ ಲೇಬಲ್. ಕಲಾವಿದರು ಸಹಿ ಹಾಕುವಾಗ ಕಂಪನಿಯ ಸಾಕ್ಷಿ ಎದುರಿಗಿದ್ದು, ಪ್ರತಿ ಅವರ ಕೈಯಿಂದಲೇ ಗ್ರೇಡಿಂಗಿಗೆ ಹೋಗಿರಬೇಕು. ಹಳದಿ ಲೇಬಲ್ಲಿನ ಪೆಟ್ಟಿಗೆಯನ್ನು ಮನೆಯಲ್ಲಿ ಒಡೆದಿರೋ ಆ ಸಾಕ್ಷಿಯ ಕೊಂಡಿ ಅಲ್ಲಿಗೇ ಕಳಚಿತು. ಮತ್ತೆ ಕಳುಹಿಸಿದರೆ ಅದೇ ಸಹಿಯನ್ನು ಸಾಕ್ಷಿಯಿಲ್ಲದ್ದೆಂದೇ ನೋಡುತ್ತಾರೆ. ಹಳೆಯ ಕೆಂಪು ಲೇಬಲ್ ಕಂಡರೆ ಗಾಬರಿ ಬೇಡ: ಮೊದಲ ವರ್ಷಗಳಲ್ಲಿ ಈಚಿನ ಕಾಲದ ಸಂಚಿಕೆಗಳಿಗೆ ಆ ಬಣ್ಣ ಬಳಸುತ್ತಿದ್ದರು, ಅಷ್ಟೇ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಪೆಟ್ಟಿಗೆ ಬಿಚ್ಚಿ ಪ್ರತಿ ಬದಲಿಸುವ ಮೋಸಕ್ಕೆ. 2023ರ ಕೊನೆಯಲ್ಲಿ ಬಯಲಾದ ಪ್ರಕರಣದಲ್ಲಿ ತಂತ್ರ ಇಷ್ಟೇ: ಒಳ್ಳೆಯ ಅಂಕದ ಪ್ರತಿಯನ್ನು ಪೆಟ್ಟಿಗೆಯಿಂದ ತೆಗೆದು, ಅದೇ ಸಂಚಿಕೆಯ ಕಡಿಮೆ ದರ್ಜೆಯ ಪ್ರತಿಯನ್ನು ಅದೇ ಲೇಬಲ್ಲಿನಡಿ ಇಟ್ಟು, ‘ಪೆಟ್ಟಿಗೆ ಹಾಳಾಗಿದೆ, ಹೊಸದು ಹಾಕಿ’ ಎಂದು ಕಳುಹಿಸುವುದು. ಪೆಟ್ಟಿಗೆ ಬದಲಿಸುವ ಸೇವೆಯಲ್ಲಿ ಪ್ರತಿಗೆ ಮತ್ತೆ ಗ್ರೇಡಿಂಗ್ ಮಾಡುತ್ತಿರಲಿಲ್ಲ; ಹೀಗಾಗಿ ಹುಸಿ ಪ್ರತಿಗೆ ಅಸಲಿ ಪೆಟ್ಟಿಗೆಯೇ ಸಿಕ್ಕಿಬಿಟ್ಟಿತು. ಬೆಸುಗೆ, ಲೇಬಲ್ಲು ಎಲ್ಲವೂ ಸಾಚಾ. ಸುಳ್ಳು ಇದ್ದದ್ದು ಒಳಗೆ.

ಹಾಗಾಗಿ ಪರೀಕ್ಷೆ ಎರಡು ಹಂತದಲ್ಲಿ ನಡೆಯಬೇಕು. ಮೊದಲು ಪ್ಲಾಸ್ಟಿಕ್ಕು. ಬದಿಯ ಅಂಚನ್ನು ಬೆಳಕಿಗೆ ಹಿಡಿದು ಸುತ್ತಲೂ ನೋಡಿ. ಮೀಟಿ ಎಬ್ಬಿಸಿದ ಕಡೆ ಪ್ಲಾಸ್ಟಿಕ್ಕು ಬೆಳ್ಳಗೆ ಮಂಜಾಗಿರುತ್ತದೆ, ಹೋಳುಗಳ ನಡುವೆ ಸಂದು ಹೆಚ್ಚಿರುತ್ತದೆ, ಕೆಲವೊಮ್ಮೆ ಅಂಟಿನ ಗುಳ್ಳೆ ಕಾಣುತ್ತದೆ. ಆಮೇಲೆ ಲೇಬಲ್ಲಿನ ಪ್ರಮಾಣಸಂಖ್ಯೆಯನ್ನು ಕಂಪನಿಯ ತಾಣದಲ್ಲಿ ಹಾಕಿ ಸಂಚಿಕೆ, ಅಂಕ, ಪುಟದ ಬಣ್ಣ, ಟಿಪ್ಪಣಿ ಎಲ್ಲವೂ ಹೊಂದುತ್ತವೆಯೇ ನೋಡಿ.

ಎರಡನೆಯದು, ಒಳಗಿರುವುದು ಅದೇ ಪ್ರತಿಯೇ ಎಂಬುದು. ಹಿಂದಿನ ಮಾರಾಟದ ಚಿತ್ರ ಎಲ್ಲಾದರೂ ಸಿಕ್ಕರೆ ಪಕ್ಕಪಕ್ಕ ಇಟ್ಟುಕೊಳ್ಳಿ. ಸವೆತದ ಗುರುತುಗಳನ್ನು ಪ್ರೆಸ್ಸಿಂಗ್ ಅಳಿಸಬಹುದು, ಅಚ್ಚುಮನೆಯ ಗುರುತುಗಳನ್ನು ಅಲ್ಲ. ಪಿನ್ನುಗಳು ಮಡಿಕೆಯಿಂದ ಎಷ್ಟು ಸರಿದಿವೆ, ಮೇಲಿನ ಪಿನ್ನು ಚಿತ್ರದ ಯಾವ ಅಕ್ಷರದ ಪಕ್ಕಕ್ಕೆ ಬಂದಿದೆ, ಹಿಂಬದಿಯ ಬಿಳಿ ಪಟ್ಟಿ ಬೆನ್ನಿನಿಂದ ಮುಂದಕ್ಕೆ ಎಷ್ಟು ಇಣುಕಿದೆ, ಅಚ್ಚುಮನೆಯಲ್ಲಿ ಅಂಚು ಕತ್ತರಿಸಿದ ಓರೆ ಯಾವ ಕಡೆಗಿದೆ, ಅಚ್ಚಿನ ಬಣ್ಣ ಚಿತ್ರದ ಗೆರೆಯಿಂದ ಎಷ್ಟು ಜರುಗಿದೆ. ಎರಡು ಪ್ರತಿಗಳಲ್ಲಿ ಇವೆಲ್ಲ ಒಟ್ಟಿಗೆ ಹೊಂದುವುದು ಬಹಳ ಅಪರೂಪ. ಅಂಗಡಿಯವರು ಹಾಕಿದ ದಿನಾಂಕದ ಮುದ್ರೆ ಇದ್ದರಂತೂ ಅದೇ ಬೆರಳಚ್ಚು.

ಪೆಟ್ಟಿಗೆ ಒಡೆಯಲೇಬೇಕಾದರೆ ಅವಸರ ಬೇಡ. ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿ, ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿ. ಚಪ್ಪಟೆ ತುದಿಯ ಸ್ಕ್ರೂಡ್ರೈವರನ್ನು ಲೇಬಲ್ ಇರುವ ತುದಿಯ ಮೂಲೆಯಲ್ಲಿ, ಎರಡು ಹೋಳುಗಳ ಸಂದಿನಲ್ಲಿ ತೂರಿಸಿ ತಿರುವಿ. ಅಲ್ಲಿ ಕಾಮಿಕ್ ಇಲ್ಲ. ಜಾರಿದರೂ ಏಟು ಬೀಳುವುದು ಲೇಬಲ್ಲಿಗೆ. ಬೆಸುಗೆ ‘ಟಕ್’ ಎಂದು ಬಿಟ್ಟ ಮೇಲೆ ಇನ್ನೊಂದು ಮೇಲ್ಮೂಲೆ, ಆಮೇಲೆ ಬದಿಗಳು. ಮೇಲಿನಿಂದ ಹಿಡಿದು ಹೋಳನ್ನು ಒಂದೇ ಸಲ ಎತ್ತಿ ಮುರಿಯಬಾರದು. ಕೆಳಗಿನ ಬೆಸುಗೆ ಹಠಾತ್ತನೆ ಬಿಟ್ಟಾಗ ಚೂರುಗಳು ಒಳಚೀಲಕ್ಕೆ ಚುಚ್ಚುತ್ತವೆ. ಒಳಚೀಲವನ್ನು ಪ್ರತಿಯ ಅಂಚಿಗೆ ದೂರದಲ್ಲಿ, ಮೊಂಡು ತುದಿಯ ಕತ್ತರಿಯಿಂದ ಮೇಲ್ಗಡೆ ಮತ್ತು ಒಂದು ಬದಿ ಕತ್ತರಿಸಿ, ಪುಸ್ತಕದಂತೆ ತೆರೆಯಿರಿ. ಪ್ರತಿಯನ್ನು ಎಳೆಯಬೇಡಿ, ಅಡಿಗೆ ಆಮ್ಲರಹಿತ ರಟ್ಟು ತೂರಿಸಿ ರಟ್ಟಿನ ಸಮೇತ ಎತ್ತಿ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡಿದ್ದರೆ ಸಾಕು, ಹತ್ತಿಯ ಗ್ಲೌಸಿನ ಎಳೆ ಪುಟದ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಹಳೆಯ ಲೇಬಲ್ಲನ್ನು ಕಂಪನಿಗೆ ಹಿಂದಿರುಗಿಸಿ. ಹಾಗೆ ಮಾಡದಿದ್ದರೆ ಗ್ರೇಡ್ ಆದ ಪ್ರತಿಗಳ ಅವರ ಗಣತಿಯಲ್ಲಿ ಒಂದೇ ಪ್ರತಿ ಎರಡಾಗಿ ಉಳಿಯುತ್ತದೆ; ಅಪರೂಪದ ಸಂಚಿಕೆಗಳ ಲೆಕ್ಕ ತಪ್ಪುವುದಕ್ಕೆ ಇದೂ ಒಂದು ಕಾರಣ.

ಬರೀ ಗೀರುಗಳಾದರೆ ಪೆಟ್ಟಿಗೆ ಬದಲಿಸಬೇಕಿಲ್ಲ. ಒದ್ದೆ ಮಾಡಿ ಹಿಂಡಿದ ಮೈಕ್ರೋಫೈಬರ್ ಬಟ್ಟೆಯಿಂದ ಧೂಳು ತೆಗೆದು, ಪ್ಲಾಸ್ಟಿಕ್ ಪಾಲಿಶ್ ಒಂದೆರಡು ತೊಟ್ಟನ್ನು ಬಟ್ಟೆಗೇ ಹಾಕಿ ಉಜ್ಜಿ. ದ್ರವವನ್ನು ನೇರವಾಗಿ ಪೆಟ್ಟಿಗೆಯ ಮೇಲೆ ಸುರಿದರೆ ಸಂದಿನಿಂದ ಒಳಗಿಳಿಯುತ್ತದೆ. ಅಮೋನಿಯಾ ಇರುವ ಗಾಜಿನ ಕ್ಲೀನರ್, ತಿನ್ನರ್ ಮುಟ್ಟಿಸಲೇಬೇಡಿ. ಪ್ಲಾಸ್ಟಿಕ್ಕು ಮಂಜಾಗಿ ಬಿರುಕು ಬಿಡುತ್ತದೆ. ಮೂಲೆ ಒಡೆದಿದ್ದರೆ, ಹೋಳುಗಳು ಬಾಯಿ ಬಿಟ್ಟಿದ್ದರೆ, ಇಲ್ಲವೇ ಮೈಕ್ರೋಚೇಂಬರ್ ಹಾಳೆ ಹಳೆಯದಾಗಿದ್ದರೆ ಮಾತ್ರ ಹೊಸ ಪೆಟ್ಟಿಗೆಗೆ ಕಳುಹಿಸಿ. ಒಳಗಿನ ಪ್ರತಿಗೆ ಹೊಸ ಹಾನಿ ಕಂಡರೆ ಅಂಕ ಇಳಿಯಬಹುದು ಎಂಬುದನ್ನು ಮೊದಲೇ ಒಪ್ಪಿಕೊಂಡೇ ಕಳುಹಿಸಬೇಕು.

ಇಡುವಾಗ ಸ್ಲ್ಯಾಬುಗಳನ್ನು ಕಪಾಟಿನ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ. ಒಂದರ ಮೇಲೊಂದು ಮಲಗಿಸಿದರೆ ಕೆಳಗಿನವುಗಳ ನಡುಭಾಗ ತಗ್ಗಿ ಒಳಚೀಲ ಪ್ರತಿಯನ್ನು ಒತ್ತುತ್ತದೆ. ಸ್ಲ್ಯಾಬುಗಳನ್ನು ಜೋಡಿಸಿಟ್ಟ ಡಬ್ಬಿ ಅರ್ಧ ಖಾಲಿ ಇದ್ದು ಅವು ಓರೆಯಾಗಿ ಒರಗುತ್ತಿದ್ದರೆ ಖಾಲಿ ಜಾಗಕ್ಕೆ ಫೋಮ್ ತುಂಬಿ. ಒಂದೊಂದಕ್ಕೂ ಬೇರೆ ಚೀಲ ಹಾಕಿದರೆ ಗೀರು ಬೀಳುವುದಿಲ್ಲ. ಚೀಲ ಪಾಲಿಪ್ರೊಪಿಲಿನ್ ಆಗಿರಲಿ, ಪಿವಿಸಿ ಬೇಡ. ಕೋಣೆಯ ಉಷ್ಣತೆ 18ರಿಂದ 22 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ 40ರಿಂದ 50ರೊಳಗೆ, ಏರಿಳಿತ ಆದಷ್ಟು ಕಡಿಮೆ. ಸಾಗಿಸುವಾಗ ಚೀಲ, ಎರಡೂ ಬದಿಗೆ ಸ್ಲ್ಯಾಬಿಗಿಂತ ದೊಡ್ಡದಾದ ರಟ್ಟು, ಅದರ ಮೇಲೆ ಬಬಲ್ ಹೊದಿಕೆ, ಒಳಡಬ್ಬಿ, ಅದರ ಸುತ್ತ ಆರೂ ಕಡೆ ಎರಡು ಇಂಚು ಮೆತ್ತೆ, ಹೊರಡಬ್ಬಿ. ಮುಚ್ಚಿದ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ವಾಲಿಸಿದಾಗ ಏನಾದರೂ ಸರಿದ ಸದ್ದು ಬಂದರೆ, ಬಿಚ್ಚಿ ಮತ್ತೆ ತುಂಬಿ.